ರಸಮಟ್ಟದ ಕತ್ತು

ನಮ್ಮ ಭಾವನ ಕಟಿಂಗ್ ಶಾಪಿಗೆ ಬರುವವರು ಕನ್ನಡಿ ನೋಡಿಕೊಳ್ಳುವುದಿಲ್ಲ. ಕನ್ನಡಿ ಇಲ್ಲವೆಂದಲ್ಲ, ಗೋಡೆಯಗಲದ ಕನ್ನಡಿ, ದಿನಾ ಬೆಳಿಗ್ಗೆ ಹಳೆಯ ಪೇಪರಿನಿಂದ ಉಜ್ಜಿ ಫಳಫಳ ಮಾಡಿಟ್ಟಿರುತ್ತಾರೆ. ಆದರೂ ಗಿರಾಕಿಗಳು ಕುರ್ಚಿಯಲ್ಲಿ ಕೂತ ತಕ್ಷಣ ಕಣ್ಣು ಮುಚ್ಚುತ್ತಾರೆ, ಕೆಲಸ ಮುಗಿದ ಮೇಲೆ ಕಾಲರ್ ಕೊಡವಿಕೊಂಡು ಎದ್ದು ಹೋಗುತ್ತಾರೆ. ಎರಡು ಕಿವಿಗಳ ಮುಂದಿನ ಸೈಡ್‌ಲಾಕ್ ಒಂದೇ ಮಟ್ಟದಲ್ಲಿರುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಅಳತೆಪಟ್ಟಿ ಇಲ್ಲ, ದಾರ ಇಲ್ಲ, ಬರೀ ಕಣ್ಣಂದಾಜು. ಗೋಡೆ ಸಮ ಇದೆಯೋ ಇಲ್ಲವೋ ನೋಡಲು ಗಾರೆಯವರು ಇಡುತ್ತಾರಲ್ಲ, ನೀರಗುಳ್ಳೆ ಓಡಾಡುವ ರಸಮಟ್ಟ, ಅದನ್ನು ಒಬ್ಬ ಮೇಸ್ತ್ರಿ ತನ್ನ ಚೀಲದಿಂದ ತೆಗೆದು ಪಕ್ಕದ ಗಿರಾಕಿಯ ಮುಖಕ್ಕೆ ಅಡ್ಡ ಹಿಡಿದು ನೋಡಿದನಂತೆ. ಗುಳ್ಳೆ ನಡುವಿನಿಂದ ಅಲ್ಲಾಡಲಿಲ್ಲ. ಅವತ್ತಿನಿಂದ ಭಾವನಿಗೆ ರಸಮಟ್ಟ ಎಂದೇ ಹೆಸರು. ಅವರ ಸ್ವಂತ ಹೆಸರು ಯಾರಾದರೂ ಕೇಳಿದರೆ ನಾನೂ ಒಂದು ಗಳಿಗೆ ತಡವರಿಸುತ್ತೇನೆ.

ತಮಾಷೆ ಇರುವುದು ಇನ್ನು ಮುಂದೆ. ಊರಿನವರ ತಲೆಗಳನ್ನೆಲ್ಲ ಮಟ್ಟದಲ್ಲಿಟ್ಟ ಈ ಮನುಷ್ಯನ ತಲೆ ಮಾತ್ರ ಬಲಕ್ಕೆ ವಾರೆ. ಬಲಭುಜ ಮೇಲೆ, ತಲೆ ಅದರ ಕಡೆಗೆ ಬಾಗಿ, ಯಾರೋ ಕಿವಿಯಲ್ಲಿ ಗುಟ್ಟು ಹೇಳುತ್ತಿರುವಂತೆ. ಹೊಸಬರು ಅಂಗಡಿಗೆ ಬಂದರೆ, ಇವರು ತಮ್ಮ ಮಾತನ್ನೇ ಅಷ್ಟು ಶ್ರದ್ಧೆಯಿಂದ ಕೇಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡು ಮನೆಯ ಕಷ್ಟಸುಖವನ್ನೆಲ್ಲ ಬಿಚ್ಚಿಡುತ್ತಿದ್ದರು. ಭಾವ ಕೇಳುತ್ತಲೂ ಇರಲಿಲ್ಲ, ಬಿಡುತ್ತಲೂ ಇರಲಿಲ್ಲ. ಅವರ ಗಮನವೆಲ್ಲ ಕಿವಿಯ ಮೇಲಿನ ಕೂದಲಿನಲ್ಲಿ.

ನಾನು ಅವರ ಹೆಂಡತಿಯ ತಮ್ಮ. ಪಕ್ಕದಲ್ಲೇ ನನ್ನ ವಾಚ್ ರಿಪೇರಿ ಅಂಗಡಿ. ನಡುವೆ ಇರುವುದು ಬರೀ ಒಂದು ಪ್ಲೈವುಡ್ ಗೋಡೆ, ಅತ್ತ ಸೀನಿದರೆ ಇತ್ತ ನನ್ನ ಮೇಜಿನ ಮೇಲಿನ ಸ್ಕ್ರೂ ಕದಲುತ್ತದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಜನ ಹೇಳುತ್ತಾರೆ. ದಿನವಿಡೀ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಯಷ್ಟು ಸ್ಕ್ರೂ ಹುಡುಕುವವನಿಗೆ ಸಿಟ್ಟು ಬಾರದೆ ಇನ್ನೇನು ಬರಬೇಕು? ಮೂಗಿನ ಕೆಳಗಿರುವುದರ ಬಗ್ಗೆ ಮಾತ್ರ ಯಾರೂ ತಕರಾರೆತ್ತಿದ್ದಿಲ್ಲ. ನನ್ನ ಮೀಸೆ ಅಂಥದ್ದು. ನನ್ನ ಮುಖದಲ್ಲಿ ದೇವರು ಮನಸ್ಸಿಟ್ಟು ಮಾಡಿದ ಕೆಲಸ ಅದೊಂದೇ, ಅದನ್ನು ತಿದ್ದುವ ಅಧಿಕಾರ ಭಾವನಿಗೆ ಬಿಟ್ಟರೆ ಇನ್ಯಾರಿಗೂ ಕೊಟ್ಟವನಲ್ಲ.

ತಲೆ ಹಾಗೆ ವಾರೆಯಾದದ್ದು ಭುಜನೋವಿನಿಂದ, ಆ ನೋವಿಗೆ ಕಾರಣ ಅಂಗಡಿಯ ಕುರ್ಚಿ. ಹಳೆಯ ಕಬ್ಬಿಣದ ಕುರ್ಚಿ, ಪೆಡಲ್ ತುಳಿದರೆ ಮೇಲೇಳುವಂಥದ್ದು. ಯಾವ ಕಾಲದಲ್ಲೋ ಮೇಲೆದ್ದದ್ದು ಮತ್ತೆ ಇಳಿಯಲಿಲ್ಲ. ಭಾವ ಕುಳ್ಳು. ಎತ್ತರದ ಕುರ್ಚಿಯಲ್ಲಿ ಕೂತವರ ತಲೆಗೆ ಕತ್ತರಿ ಮುಟ್ಟಿಸಲು ಬೆಳಿಗ್ಗೆಯಿಂದ ಸಂಜೆಯವರೆಗೆ ಬಲಗೈ ಎತ್ತಿಯೇ ಇರಬೇಕು. ಕುರ್ಚಿ ಬದಲಾಯಿಸಿ ಅಂದರೆ, "ಚೆನ್ನಾಗಿದೆಯಲ್ಲೋ, ಕೂತವ್ರು ಯಾರಾದ್ರೂ ಬಿದ್ದಿದಾರಾ" ಎನ್ನುತ್ತಿದ್ದರು. ನೋವು ಭುಜದಲ್ಲಿ ಶುರುವಾಗಿ, ಕತ್ತು ಹತ್ತಿ, ಕಿವಿಯ ಹಿಂದೆ ಮನೆ ಮಾಡಿಕೊಂಡಿತ್ತು.

ಮದ್ದು ಮಾಡಿಸದೆ ಬಿಟ್ಟವರಲ್ಲ. ಮುಲಾಮು, ಬಿಸಿನೀರಿನ ಚೀಲ, ಕತ್ತಿಗೆ ಕಟ್ಟುವ ಪಟ್ಟಿ, ಗಿರಾಕಿಗಳು ಪುಕ್ಕಟೆ ಕೊಡುವ ಸಲಹೆ, ಎಲ್ಲವೂ ಆಯಿತು. ಅಂಗಡಿಯ ತುಂಬ ಪೌಡರಿನ ವಾಸನೆಗಿಂತ ಮುಲಾಮಿನ ವಾಸನೆಯೇ ಹೆಚ್ಚು. ಸಂಜೆ ಮನೆಗೆ ಹೋದರೆ ಅಕ್ಕನ ಸರದಿ. ನಮ್ಮಕ್ಕ ಎಡಚಿ. ಆ ಭುಜ ಬೆರಳಿಗೆ ಬಗ್ಗುವುದಿಲ್ಲವೆಂದು ಎಡಗೈ ಮೊಣಕೈಯನ್ನೇ ಊರಿ, ಮೈಭಾರವನ್ನೆಲ್ಲ ಬಿಟ್ಟು ತಿಕ್ಕುತ್ತಿದ್ದಳು. ತಿಕ್ಕುತ್ತಾ ಬೈಯುತ್ತಿದ್ದಳು. "ಇದು ಭುಜಾನಾ, ಬಾಗಿಲ ಹೊಸಲಾ? ಸ್ವಲ್ಪ ಸಡಿಲ ಬಿಡ್ರೀ." ಭಾವ ಕಣ್ಣು ಮುಚ್ಚಿಕೊಂಡು, "ಇನ್ನೂ ಸ್ವಲ್ಪ ಕೆಳಗೆ" ಎನ್ನುತ್ತಿದ್ದರು. ಹೀಗೇ ಸಂಸಾರ ನಡೆದಿತ್ತು.

ಒಂದು ದಿನ ಹೆಡ್ ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದರು. ರಿಟೈರ್ ಆಗಿ ಎಷ್ಟೋ ವರ್ಷವಾದರೂ ಊರಿಗೆಲ್ಲ ಅವರೇ ಹೆಡ್ ಮೇಷ್ಟ್ರು. ಅರ್ಧ ತಲೆ ಆಗಿತ್ತು. ಇದ್ದಕ್ಕಿದ್ದಂತೆ ಪ್ಲೈವುಡ್ಡಿನ ಆಚೆ ಕತ್ತರಿ ನೆಲಕ್ಕೆ ಬಿದ್ದ ಸದ್ದು. ಭಾವನ ಕತ್ತರಿ ನೆಲಕ್ಕೆ ಬಿದ್ದದ್ದನ್ನು ನಾನು ಅದುವರೆಗೆ ಕೇಳಿದ್ದಿಲ್ಲ. ಓಡಿಹೋಗಿ ನೋಡಿದರೆ ಬಲಗೈ ಜೋತುಬಿದ್ದಿದೆ, ಭಾವ ಎಡಗೈಯಿಂದ ಅದನ್ನು ಎತ್ತಲು ನೋಡುತ್ತಿದ್ದಾರೆ, ಮೇಷ್ಟ್ರು ಎಂದಿನಂತೆ ಕಣ್ಣು ಮುಚ್ಚಿಕೊಂಡು ಕೂತಿದ್ದಾರೆ. ಆಮೇಲೆ ನಾನು ಭಾವನ ಮೊಣಕೈಗೆ ಕೈ ಕೊಟ್ಟು ಎತ್ತಿಹಿಡಿದೆ, ಅವರು ಕತ್ತರಿಸಿದರು. ಮಿಕ್ಕರ್ಧ ತಲೆ ಹಾಗೆ ಮುಗಿಯಿತು. ಮೇಷ್ಟ್ರಿಗೆ ಏನೂ ಗೊತ್ತಾಗಲಿಲ್ಲ.

ಅವರು ಹೋದ ಮೇಲೆ ಭಾವ ಗಿರಾಕಿಗಳ ಬೆಂಚಿನಲ್ಲಿ ಕೂತರು. ಆ ಬೆಂಚಿನ ಮೇಲೆ ಅವರು ಕೂತದ್ದನ್ನೂ ನಾನು ಕಂಡಿದ್ದಿಲ್ಲ.

"ಕೈ ಏಳ್ದೇ ಇದ್ರೆ ಅಂಗಡಿ ಮುಚ್ಬೇಕಾಗುತ್ತೆ ಕಣೋ," ಅಂದರು. "ನಂಗೆ ಇನ್ನೊಂದು ಕೆಲ್ಸ ಬರಲ್ಲ. ಬೇರೆ ಏನ್ ಮಾಡ್ಲಿ ನಾನು?"

ಇಂಥ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಮಾರನೆಯ ದಿನವೇ ಅವರನ್ನು ಎಳೆದುಕೊಂಡು ಮೆಡಿಕಲ್ ಶಾಪಿನ ಮಹಡಿಯ ಮೇಲಿರುವ ಸೂಜಿ ಡಾಕ್ಟರ ಹತ್ತಿರ ಹೋದೆ.

ಸೂಜಿ ಡಾಕ್ಟರು ಎಂದರೆ ಫಿಸಿಯೋಥೆರಪಿ ಓದಿದ ಹೆಣ್ಣುಮಗಳು. ಸ್ನಾಯುಗಳಲ್ಲಿ ಗಟ್ಟಿಕಟ್ಟಿದ ಗಂಟುಗಳಿಗೆ ಸಣ್ಣ ಸೂಜಿ ಹಾಕಿ ಬಿಡಿಸುತ್ತಾಳೆ, ಡ್ರೈ ನೀಡ್ಲಿಂಗ್ ಎನ್ನುತ್ತಾರೆ ಅದಕ್ಕೆ. ಸೂಜಿ ಎಂಬ ಮಾತು ಕೇಳಿದ್ದೇ ಭಾವ ಮೆಟ್ಟಿಲಿನಲ್ಲಿ ನಿಂತುಬಿಟ್ಟರು. ಜೀವಮಾನವೆಲ್ಲ ಇನ್ನೊಬ್ಬರ ಗಂಟಲಿನ ಮೇಲೆ ರೇಜರ್ ಆಡಿಸಿದವರು.

"ಇದು ಆಕ್ಯುಪಂಕ್ಚರಾ ಡಾಕ್ಟ್ರೇ?" ಎಂದು ಒಳಗೆ ಹೋಗಿ ಕೂತ ಮೇಲೆ ಕೇಳಿದರು.

"ಸೂಜಿ ಅದೇ ಥರದ್ದು ಸರ್, ದಾರಿ ಬೇರೆ. ಅವ್ರಿಗೆ ಮೈಮೇಲೆ ಗೊತ್ತುಮಾಡಿರೋ ಜಾಗಗಳಿವೆ. ಕತ್ತು ನೋವಿಗೆ ಕೈಗೋ ಕಾಲಿಗೋ ಹಾಕೋದೂ ಉಂಟು. ನಾನು ಗಂಟು ಎಲ್ಲಿದೆಯೋ ಅಲ್ಲಿಗೇ ನೇರವಾಗಿ ಹಾಕ್ತೀನಿ."

"ಹಾಗಾದ್ರೆ ನಂಗೆ ಕಾಲಿಗೆ ಹಾಕೋರೇ ಇರ್ಲಿ," ಎಂದು ಭಾವ ಎದ್ದರು. ನಾನು ಅಂಗಿ ಹಿಡಿದು ಕೂರಿಸಿದೆ.

"ಆಯ್ತು, ಸೂಜೀಲಿ ಔಷಧಿ ಏನಿರುತ್ತೆ?"

"ಏನೂ ಇರಲ್ಲ. ಖಾಲಿ ಸೂಜಿ."

ಭಾವ ನನ್ನ ಕಡೆ ತಿರುಗಿದರು. ತಿರುಗುವುದೆಂದರೆ ಇಡೀ ದೇಹವನ್ನೇ ತಿರುಗಿಸಬೇಕು, ಕತ್ತು ಬರುತ್ತಿರಲಿಲ್ಲ. "ಖಾಲಿ ಸೂಜಿ ಚುಚ್ಚಿಸ್ಕೊಳ್ಳೋಕೆ ಕೆಲ್ಸ ಬಿಟ್ಟು ಬಂದ್ವೇನೋ? ಮನೇಲಿ ನಿಮ್ಮಕ್ಕನ ಹತ್ರ ಇರ್ಲಿಲ್ವಾ ಸೂಜಿ?"

ಆಕೆ ನಕ್ಕಳು, ಆದರೆ ಬಿಡಲಿಲ್ಲ. ಭುಜವನ್ನು ಹೆಬ್ಬೆರಳಿನಿಂದ ತಡಕಾಡಿ ಒಂದು ಕಡೆ ಒತ್ತಿದಳು. ಭಾವ ಕಿವಿಯ ಹಿಂದೆ ಕೈ ಇಟ್ಟುಕೊಂಡರು. ಒತ್ತಿದ್ದು ಭುಜದಲ್ಲಿ, ನೋವು ಹೋಗಿ ಕೂತದ್ದು ಕಿವಿಯ ಹಿಂದೆ. "ಇದೇ ನಿಮ್ಮ ಕಳ್ಳ," ಅಂದಳು. ಸೂಜಿ ಕೂದಲಿನಷ್ಟು ಸಣ್ಣದಿತ್ತು. ಕೂದಲಿನಷ್ಟೇ ಎಂದು ನಾನು ಧೈರ್ಯ ಹೇಳಿದೆ, ಕೂದಲಿನ ವಿಷಯದಲ್ಲಿ ತನಗೆ ಬುದ್ಧಿ ಹೇಳಬೇಡ ಎಂದರು ಭಾವ. ಸೂಜಿ ಒಳಗೆ ಹೋಯಿತು. ಏನೂ ಆಗಲಿಲ್ಲ ಅನ್ನುವಷ್ಟರಲ್ಲಿ ಚರ್ಮದ ಕೆಳಗೆ ಸ್ನಾಯು ತನ್ನಷ್ಟಕ್ಕೆ ಪಟಕ್ಕನೆ ಹಾರಿತು. ಭಾವ ಕೂಗಿದ ಕೂಗಿಗೆ ಕೆಳಗಿನ ಮೆಡಿಕಲ್ ಶಾಪಿನವನು ಮೆಟ್ಟಿಲ ಬುಡಕ್ಕೆ ಬಂದು ಏನಾಯಿತೆಂದು ವಿಚಾರಿಸಿದ.

"ಒಳಗೆ ಯಾರೋ ಇದ್ದಾರೆ ಡಾಕ್ಟ್ರೇ," ಎಂದರು ಭಾವ, ಬೆವರುತ್ತಾ.

"ಇದ್ರು. ಈಗ ಹೊರಟ್ರು," ಅಂದಳು ಆಕೆ. "ನಾಳೆವರೆಗೂ ಭುಜ ಹೊಡೆತ ತಿಂದ ಹಾಗೆ ನೋಯುತ್ತೆ, ಹೆದರ್ಬೇಡಿ. ಸೂಜಿ ಒಂದ್ರಿಂದಲೇ ಆಗಲ್ಲ, ನಾನು ಹೇಳೋ ವ್ಯಾಯಾಮ ತಪ್ಪಿಸ್ಬಾರ್ದು. ಮತ್ತೆ ಆ ಕುರ್ಚಿ ಇಳಿಸಿ."

ಕುರ್ಚಿಯನ್ನು ನಾನೇ ಇಳಿಸಿದೆ, ಒಂದು ಭಾನುವಾರ ಅದರ ಹೊಟ್ಟೆ ಬಿಚ್ಚಿ, ಬೈದುಕೊಳ್ಳುತ್ತಾ. ಭಾವ ಡಾಕ್ಟರ ಮೆಟ್ಟಿಲು ಹತ್ತಿ ಇಳಿದರು, ಮತ್ತೆ ಹತ್ತಿ ಇಳಿದರು. ಪ್ರತಿ ಸಲವೂ ಕೂಗು ಸ್ವಲ್ಪ ಸಣ್ಣದಾಗುತ್ತಾ ಬಂತು. ಕೈ ಭುಜದವರೆಗೆ ಏಳತೊಡಗಿತು, ಆಮೇಲೆ ಕಿವಿಯವರೆಗೆ, ಒಂದು ಬೆಳಿಗ್ಗೆ ಅಟ್ಟದ ಮೇಲಿನ ಡಬ್ಬವನ್ನೇ ಇಳಿಸಿಕೊಂಡರು. ಕತ್ತು ದಿನದಿನಕ್ಕೆ ನೆಟ್ಟಗಾಯಿತು. ರಸ್ತೆಯಲ್ಲಿ ಜನ ಭಾವ ಎತ್ತರವಾಗಿದ್ದಾರೆ ಎಂದರು. "ಇಷ್ಟು ಉದ್ದದ ಗಂಡನ್ನ ನಾನು ಕಟ್ಕೊಂಡಿರ್ಲಿಲ್ಲಪ್ಪ," ಎಂದಳು ಅಕ್ಕ. ಭಾವ ಅಂಗಡಿಯಲ್ಲಿ ಸಿಳ್ಳೆ ಹಾಕತೊಡಗಿದರು. ಸಿಳ್ಳೆಗೆ ಶ್ರುತಿ ಇರಲಿಲ್ಲ, ಆದರೂ ನಾನು ಸಹಿಸಿಕೊಂಡೆ.

ಎಲ್ಲ ಸರಿಹೋಯಿತು ಎಂದುಕೊಂಡು ನಾನು ನಿಶ್ಚಿಂತನಾಗಿರುವಾಗ ಕನ್ನಡಕದಂಗಡಿಯವನು ಬಂದ. ಅವನ ಅಂಗಡಿ ನಮ್ಮ ಎದುರು ಸಾಲಿನಲ್ಲಿದೆ.

"ಏನಣ್ಣಾ ಇದು," ಎಂದು ನನ್ನ ಮೇಜಿನ ಮೇಲೆ ಬಾಗಿದ. "ಈಗೀಗ ನನ್ನ ಅಂಗ್ಡೀಲಿ ಒಂದೇ ಕಂಪ್ಲೇಂಟು. ಫ್ರೇಮ್ ಸೊಟ್ಟ ಆಗಿದೆ, ಸರಿಮಾಡ್ಕೊಡು ಅಂತಾರೆ. ನೋಡಿದ್ರೆ ಫ್ರೇಮ್ ನೆಟ್ಟಗೇ ಇರುತ್ತೆ. ಹೆಡ್ ಮೇಷ್ಟ್ರಂತೂ ಕಿವೀನೇ ಮೇಲೆ ಕೆಳಗಾಗಿದೆ, ವಯಸ್ಸಾದ ಮೇಲೆ ಕಿವಿ ಜಾರುತ್ತಾ ಅಂತ ನನ್ನ ಕೇಳಿದ್ರು. ನಾನೇನ್ ಕಿವಿ ಡಾಕ್ಟ್ರಾ?"

"ಅದಕ್ಕೂ ನಂಗೂ ಏನ್ ಸಂಬಂಧ?"

ಅವನು ಉತ್ತರ ಹೇಳದೆ ರಸ್ತೆಯ ಕಡೆ ಬೆರಳು ತೋರಿಸಿದ. ಬಸ್ ನಿಲ್ದಾಣದಲ್ಲಿ ಸಾಲಾಗಿ ನಿಂತಿದ್ದರು, ಬ್ಯಾಂಕಿನ ಕ್ಲರ್ಕ್, ಬೇಕರಿಯ ಮಾಲೀಕ, ಪೋಸ್ಟ್‌ಮ್ಯಾನ್. ಎಲ್ಲರಿಗೂ ಎಡಗಡೆ ಸೈಡ್‌ಲಾಕ್ ಮೇಲೆ, ಬಲಗಡೆಯದು ಒಂದು ಬೆರಳು ಕೆಳಗೆ. ಒಂದೇ ಕಾರ್ಖಾನೆಯಿಂದ ಬಂದ ಮಾಲಿನಂತೆ ನಿಂತಿದ್ದರು. ಒಬ್ಬರಿಗೂ ಭಾವನ ಮೇಲೆ ಅನುಮಾನ ಬಂದಿಲ್ಲ. ರಸಮಟ್ಟ ತಪ್ಪುತ್ತಾರೆಯೇ? ತಪ್ಪಿದ್ದರೆ ಅವರವರ ಕಿವಿಯೇ ತಪ್ಪಿರಬೇಕು. ನಾನು ಮೆಲ್ಲನೆ ಒಂದು ಗಡಿಯಾರದ ಗಾಜಿನಲ್ಲಿ ನನ್ನ ಮೀಸೆ ನೋಡಿಕೊಂಡೆ. ಹೇಳುವುದೇನು, ಅದೂ ಹಾಗೇ ಇತ್ತು.

ವಿಷಯ ಇಷ್ಟೇ. ಇಷ್ಟು ವರ್ಷ ಭಾವ ವಾರೆ ತಲೆಯಿಂದಲೇ ಜಗತ್ತನ್ನು ನೋಡಿ, ಆ ವಾರೆಯನ್ನು ಕೈಯಲ್ಲಿ ಸರಿದೂಗಿಸಿಕೊಂಡು ಬಂದಿದ್ದರು. ತಲೆ ನೆಟ್ಟಗಾಯಿತು, ಕೈಗೆ ಆ ಸುದ್ದಿ ಮುಟ್ಟಲಿಲ್ಲ. ಅದು ಹಳೆಯ ಲೆಕ್ಕದಲ್ಲೇ ಕತ್ತರಿಸುತ್ತಾ ಹೋಗಿತ್ತು.

ಹೇಳಿದ್ದು ನಾನೇ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಅದು ವಾಸಿ ಅನ್ನಿಸಿತು. ಭಾವ ನಂಬಲಿಲ್ಲ. ಅಂಗಡಿಯ ಬಾಗಿಲಿಗೆ ಬಂದು ಬಸ್ ನಿಲ್ದಾಣದ ಕಡೆ ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಕತ್ತರಿಗಳನ್ನೆಲ್ಲ ಒರೆಸಿ ಡಬ್ಬಕ್ಕೆ ಹಾಕಿದರು. ಸಿಳ್ಳೆ ನಿಂತಿತು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಮಾರನೆಯ ದಿನ ಕರೆಯದೆ ತಾವೇ ಸೂಜಿ ಡಾಕ್ಟರ ಹತ್ತಿರ ಹೊರಟರು. ಏನು ಗ್ರಹಚಾರವೋ ಎಂದು ನಾನೂ ಹಿಂದೆ ಹೋದೆ.

"ಡಾಕ್ಟ್ರೇ, ಆ ಗಂಟು ವಾಪಸ್ ಹಾಕ್ಕೊಡಿ," ಎಂದರು.

ಆಕೆ ಬರೆಯುತ್ತಿದ್ದವಳು ಪೆನ್ನು ಕೆಳಗಿಟ್ಟಳು. "ಏನಂದ್ರಿ?"

"ತೆಗೆದವ್ರಿಗೆ ಹಾಕೋಕೂ ಬರುತ್ತಲ್ಲ. ನೋವಿದ್ರೂ ಪರವಾಗಿಲ್ಲ, ನಂಗೆ ಅಭ್ಯಾಸ ಇದೆ. ಮಟ್ಟ ಒಂದು ಬೇಕು."

ಆಕೆ ಎಲ್ಲವನ್ನೂ ಕೇಳಿಸಿಕೊಂಡು, ಬಂದ ನಗುವನ್ನು ನುಂಗಿಕೊಂಡು ಹೇಳಿದಳು. "ಸರ್, ಗಂಟು ಹಾಕೋ ಸೂಜಿ ನನ್ನ ಹತ್ರ ಇಲ್ಲ. ನಿಮ್ಮ ತಲೆ ಹೊಸ ಜಾಗದಲ್ಲಿ ಕೂತಿದೆ, ಕಣ್ಣಿಗೆ ಕೈಗೆ ಅದು ಗೊತ್ತಾಗೋಕೆ ಸ್ವಲ್ಪ ದಿನ ಬೇಕು. ಅಭ್ಯಾಸ ಮಾಡಿ, ಬರುತ್ತೆ."

"ಬರ್ದೇ ಇದ್ರೆ?"

ಆಕೆ ಮತ್ತೆ ಪೆನ್ನು ಕೈಗೆತ್ತಿಕೊಂಡಳು. ಸುಳ್ಳು ಭರವಸೆ ಕೊಡುವ ಪೈಕಿ ಅಲ್ಲ ಆಕೆ. ಭಾವ ತಲೆಯಾಡಿಸಿ ಎದ್ದುಬಂದರು.

ಅಭ್ಯಾಸ ಎಂದರೆ ಯಾರಾದರೂ ತಲೆ ಕೊಡಬೇಕಲ್ಲ. ಗಿರಾಕಿಗಳ ತಲೆ ಮುಟ್ಟುವುದಿಲ್ಲ ಎಂದು ಭಾವ ಹಟ ಹಿಡಿದರು. "ಮಟ್ಟ ಗೊತ್ತಿಲ್ದೇ ಇರೋ ಕೈ ಇನ್ನೊಬ್ರ ತಲೆ ಮುಟ್ಬಾರ್ದು. ಅವ್ರು ಕಣ್ಣು ಮುಚ್ಕೊಂಡು ಕೂರ್ತಾರೆ ಕಣೋ." ಅಳತೆಪಟ್ಟಿ ಇಟ್ಟುಕೊಳ್ಳಿ ಎಂದರೆ ನನ್ನನ್ನು ಸುಡುವಂತೆ ನೋಡಿದರು. ಬಾಗಿಲಿಗೆ "ಸ್ವಲ್ಪ ದಿನ ರಜೆ" ಎಂದು ಬೋರ್ಡು ಬಿತ್ತು. ಕೊನೆಗೆ ಮನೆಯವನು ಎಂದು ಉಳಿದದ್ದು ನಾನೊಬ್ಬ, ನನ್ನ ಮುಖದಲ್ಲಿ ಉಳಿದದ್ದು ಆ ಮೀಸೆ.

ನಾನು ತ್ಯಾಗದ ಮನುಷ್ಯನಲ್ಲ. ಎರಡು ದಿನ ಅವರ ಅಂಗಡಿಯ ಮುಂದೆ ಹಾಯದೆ ಹಿಂಬಾಗಿಲಿನಿಂದ ಓಡಾಡಿದೆ. ಆದರೆ ಪ್ಲೈವುಡ್ಡಿನ ಆಚೆ ಏನೂ ಸದ್ದಿಲ್ಲ. ಕತ್ತರಿಯ ಸದ್ದಿಲ್ಲ, ರೇಡಿಯೋ ಇಲ್ಲ, ಕೆಮ್ಮು ಕೂಡ ಇಲ್ಲ. ಆ ಮೌನ ನನ್ನಿಂದ ತಡೆಯಲಾಗಲಿಲ್ಲ. ಹೋಗಿ ಕುರ್ಚಿಯಲ್ಲಿ ಕೂತು, "ಮಾಡಿ, ಅದೇನ್ ಮಾಡ್ತೀರೋ ಮಾಡಿ" ಎಂದು ಜೋರಾಗಿ ಹೇಳಿ ಕಣ್ಣು ಬಿಟ್ಟುಕೊಂಡೇ ಕೂತೆ.

ಬಲ ಉದ್ದವಾಯಿತು ಎಂದು ಬಲ ಕತ್ತರಿಸಿದರು. ಆಗ ಎಡ ಉದ್ದವಾಯಿತು. ಎಡ ಕತ್ತರಿಸಿದರು. ದಿನಾ ಸಂಜೆ ಇದೇ ಪಾಠ. ಮೊದಲು ಹುರಿಮೀಸೆಯಾಗಿದ್ದದ್ದು ಗುಮಾಸ್ತರ ಮೀಸೆಯಾಯಿತು, ಆಮೇಲೆ ಎರಡು ಚುಕ್ಕೆಯಾಯಿತು, ಆಮೇಲೆ ಕನ್ನಡಿಯಲ್ಲಿ ನನ್ನ ಅಮ್ಮ ಕಾಣಿಸಿದಳು. ಅಕ್ಕ ನನ್ನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಷ್ಟು ಮುದ್ದಾಗಿದ್ದೀಯೋ, ಚಿಕ್ಕವನಿದ್ದಾಗ ಹೀಗೇ ಇದ್ದೆ," ಅಂದಳು. ಇಂಗು ತಿಂದ ಮಂಗನಂತೆ ನಿಂತಿದ್ದೆ. ಆದರೆ ಭಾವ ನಗಲಿಲ್ಲ.

"ಸಾಕು," ಎಂದರು. "ಇನ್ನು ಆಗಲ್ಲ."

ಪಕ್ಕದ ಬೀದಿಯಲ್ಲಿ ಮೊಬೈಲಿಗೆ ಕವರ್ ಮಾರುವವನೊಬ್ಬ ಬಹಳ ದಿನದಿಂದ ಆ ಅಂಗಡಿಯ ಮೇಲೆ ಕಣ್ಣಿಟ್ಟಿದ್ದ. ಬಂದು ನೋಡಿಕೊಂಡು ಹೋಗು ಎಂದು ಭಾವ ಅವನಿಗೆ ಹೇಳಿಕಳಿಸಿದರು. ನಾನು ಕೂಗಾಡಿದೆ, ಮೀಸೆಯಿಲ್ಲದ ಬಾಯಿಂದ ಕೂಗಾಡಿದರೆ ಯಾರು ಕೇಳುತ್ತಾರೆ. ಅವನು ಬರುವ ದಿನ ಅಕ್ಕ ಕೆಲಸವನ್ನೆಲ್ಲ ಬಿಟ್ಟು ಅಂಗಡಿಗೆ ಬಂದು, ಬಾಗಿಲಿಗೆ ಅಡ್ಡವಾಗಿ ನಿಂತಳು.

ಮೊಬೈಲ್ ಕವರಿನವನು ಟೇಪು ಹಿಡಿದುಕೊಂಡು ಬಂದಿದ್ದ. ಕನ್ನಡಿ ಇರುವ ಗೋಡೆಗೆ ಗೂಟ ಹೊಡೆದು ಕವರುಗಳನ್ನು ನೇತುಹಾಕುವುದಾಗಿ ಹೇಳಿದ. ಕನ್ನಡಿ ತೆಗೆದುಬಿಡಬೇಕಾಗುತ್ತದೆ ಎಂದ.

"ಕನ್ನಡೀನ ಯಾರೂ ಮುಟ್ಟೋ ಹಾಗಿಲ್ಲ," ಎಂದಳು ಅಕ್ಕ.

"ನೀನು ಸುಮ್ನಿರೇ," ಎನ್ನುತ್ತಾ ಭಾವ ಅವಳ ಕಡೆ ನೋಡಿದರು. ನೋಡಿದವರು ಹಾಗೇ ನಿಂತರು. ಹಣೆ ಗಂಟಿಕ್ಕಿತು. "ನೀನ್ಯಾಕೆ ಹಾಗೆ ವಾರೆ ನಿಂತಿದೀಯ?"

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಭಾವ, ಊರೆಲ್ಲ ಆಯ್ತು, ಈಗ ಅಕ್ಕನೂ ವಾರೆ ಕಾಣ್ತಿದ್ದಾಳಾ?"

"ಹೋಗಿ ಕಿವಿ ಸರಿಮಾಡಿಸ್ಕೊಂಡ್ ಬರ್ಲಾ?" ಎಂದಳು ಅಕ್ಕ. ಮೊಬೈಲ್ ಕವರಿನವನು ಕೂಡ ನಕ್ಕ.

ಭಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತಿರ ಹೋಗಿ, ಗಿರಾಕಿಗಳಿಗೆ ಮಾಡುವಂತೆ ಎರಡೂ ಅಂಗೈಗಳನ್ನು ಅವಳ ಕೆನ್ನೆಯ ಪಕ್ಕ ಇಟ್ಟು, "ಕತ್ತು ನೇರ ಮಾಡು" ಎಂದರು.

"ನೇರವಾಗೇ ಇದೆಯಲ್ರೀ."

"ಇಲ್ಲ. ಎಡಕ್ಕಿದೆ. ಮಾಡು."

ಅವಳು ಮಾಡಲು ಹೋದಳು. ಆಗಲಿಲ್ಲ. ಇನ್ನೊಮ್ಮೆ ನೋಡಿದಳು. ಮುಖ ಕಿವುಚಿಕೊಂಡಿತು, ತುಟಿ ಕಚ್ಚಿಕೊಂಡಳು, ತಲೆ ಇದ್ದಲ್ಲೇ ಇತ್ತು. ಅಂಗಡಿಯಲ್ಲಿ ನಗು ನಿಂತಿತು. ನಾನು ನನ್ನ ಅಂಗಡಿಗೆ ಓಡಿಹೋಗಿ, ಕೈಗೆ ಸಿಕ್ಕಿದ ಒಂದು ಜೇಬುಗಡಿಯಾರವನ್ನು ಸರಪಳಿಯ ಸಮೇತ ತಂದೆ. ಸರಪಳಿಯ ತುದಿಯನ್ನು ಅಕ್ಕನ ಹಣೆಯ ನಡುವೆ ಹಿಡಿದೆ. ಗಡಿಯಾರ ತೂಗಾಡಿ ನಿಂತಿತು. ಮೂಗಿನ ಮೇಲೆ ಬರಬೇಕಾದ ಸರಪಳಿ ಎಡಗೆನ್ನೆಯ ಮೇಲೆ ಹಾದುಹೋಗಿತ್ತು.

ಭಾವನ ಕಣ್ಣು ಸರಿಯಾಗಿತ್ತು. ನಮ್ಮ ಕಣ್ಣೇ ತಪ್ಪಿತ್ತು. ಮೊದಲು ಭಾವನ ತಲೆ ಬಲಕ್ಕೆ, ಅಕ್ಕನ ತಲೆ ಎಡಕ್ಕೆ, ಎದುರುಬದುರು ನಿಂತರೆ ಇಬ್ಬರೂ ಒಂದೇ ಕಡೆಗೆ. ಹಾಗಾಗಿ ಇಷ್ಟು ವರ್ಷ ಅವರಿಗೆ ಅವಳು ನೆಟ್ಟಗೇ ಕಂಡಿದ್ದಳು. ನನಗಂತೂ ಅಕ್ಕನನ್ನು ನೋಡಬೇಕು ಎಂದೇ ತೋಚಿರಲಿಲ್ಲ. ಭಾವನ ಕಣ್ಣಿಗೆ ಮಟ್ಟ ಮರಳಿದೆ, ಅಂಗಡಿ ಉಳಿಯಿತು ಎಂಬುದು ಆ ಗಳಿಗೆಯಲ್ಲಿ ನಮಗ್ಯಾರಿಗೂ ಹೊಳೆಯಲಿಲ್ಲ. ಮೊಬೈಲ್ ಕವರಿನವನಿಗೆ ಹೊಳೆದಿರಬೇಕು, ಟೇಪು ಸುತ್ತಿಕೊಂಡು ಯಾವಾಗಲೋ ಹೋಗಿದ್ದ.

"ಬಾ," ಎಂದು ಭಾವ ಅವಳ ಕೈ ಹಿಡಿದರು.

"ಒಲೆ ಮೇಲೆ ಹಾಲಿಟ್ಟು ಬಂದಿದೀನಿ ಕಣ್ರೀ."

"ಉಕ್ಕಿ ಹೋಗ್ಲಿ."

ಒಲೆ ಆರಿಸಲು ನನ್ನನ್ನು ಓಡಿಸಿದರು. ನಾನು ಆರಿಸಿ ಬರುವಷ್ಟರಲ್ಲಿ ಅಕ್ಕ ಸೂಜಿ ಡಾಕ್ಟರ ಮೇಜಿನ ಮೇಲೆ ಬೋರಲು ಮಲಗಿದ್ದಳು. ಆ ಮೇಜಿನಲ್ಲಿ ತಲೆಯ ಕಡೆ ಮುಖ ಇಡಲು ಒಂದು ತೂತಿದೆ, ಮಲಗಿದವರಿಗೆ ನೆಲ ಬಿಟ್ಟು ಬೇರೇನೂ ಕಾಣುವುದಿಲ್ಲ. ಡಾಕ್ಟರು ಅಕ್ಕನ ಎಡಭುಜದ ಮೇಲೆ ಹೆಬ್ಬೆರಳಿಟ್ಟವಳು ಭಾವನ ಕಡೆ ತಿರುಗಿದಳು.

"ನಿಮ್ದು ಏನೇನೂ ಅಲ್ಲ ಸರ್ ಇದ್ರ ಮುಂದೆ." ಆಮೇಲೆ ಅಕ್ಕನನ್ನು ಕೇಳಿದಳು. "ಅಮ್ಮಾ, ಈ ಕೈಯಿಂದ ಏನನ್ನ ಒತ್ತುತ್ತಾ ಇದ್ರಿ ಇಷ್ಟು ದಿನ?"

ತೂತಿನೊಳಗಿಂದ ಅಕ್ಕನ ದನಿ ಬಂತು. "ಇವ್ರನ್ನೇ."

ಭಾವ ಗೋಡೆಗೆ ಒರಗಿಕೊಂಡರು.

"ಯಾವಾಗ್ಲಿಂದ ನೋವಿದೆ?"

"ನೋವಾ?" ಎಂದಳು ಅಕ್ಕ. ಸ್ವಲ್ಪ ಹೊತ್ತು ಯೋಚಿಸಿದಳು. "ಭುಜ ಅಂದ್ರೆ ಹೀಗೇ ಇರುತ್ತೆ ಅಂದ್ಕೊಂಡಿದ್ದೆನಮ್ಮಾ."

ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಕಿಟಕಿಯ ಹತ್ತಿರ ಹೋಗಿ ನಿಂತೆ. ಡಾಕ್ಟರು ಸೂಜಿ ತೆಗೆದಳು. ಸ್ನಾಯು ಹಾರಿದ್ದು ನನಗೆ ಅಲ್ಲಿಂದಲೂ ಕಾಣಿಸಿತು. ಅಕ್ಕ ಸದ್ದು ಮಾಡಲಿಲ್ಲ, ಮೇಜಿನ ಅಂಚನ್ನು ಹಿಡಿದುಕೊಂಡಳಷ್ಟೆ.

ಆಗ ಭಾವ ಒಂದು ಕೆಲಸ ಮಾಡಿದರು. ಚಪ್ಪಲಿ ಬಿಟ್ಟು, ನೆಲದ ಮೇಲೆ ಅಂಗಾತ ಮಲಗಿ, ಮೇಜಿನ ಕೆಳಗೆ ತಲೆ ತೂರಿಸಿ, ಆ ತೂತಿನ ನೇರಕ್ಕೆ ಬಂದು ಮೇಲೆ ನೋಡಿದರು.

"ನೋವಾಯ್ತಾ?" ಎಂದು ಕೇಳಿದರು ಭಾವ.

"ಇಲ್ಲ. ಏಳ್ರೀ, ಬಟ್ಟೆ ಕೊಳೆಯಾಗುತ್ತೆ."

"ಸುಳ್ಳು ಹೇಳ್ಬೇಡ. ನಂಗೆ ಇಲ್ಲಿಂದ ಮುಖ ಕಾಣುತ್ತೆ."

ಮೇಜಿನ ಅಂಚು ಹಿಡಿದಿದ್ದ ಅಕ್ಕನ ಬೆರಳುಗಳು ಸಡಿಲವಾದವು.

"ಆಯ್ತು ಕಣ್ರೀ," ಎಂದಳು ಅಕ್ಕ. "ತುಂಬಾ ನೋವಾಯ್ತು."

ನಾನು ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ತೂತಿನಿಂದ ಒಂದು ಹನಿ ಬಿತ್ತು, ಭಾವನ ಕೆನ್ನೆಯ ಮೇಲೆ. ಅವರು ಒರೆಸಿಕೊಳ್ಳಲಿಲ್ಲ, ಅಲ್ಲಿಂದ ಏಳಲೂ ಇಲ್ಲ.